ಇಳಿಯುವವರಿಲ್ಲದ ಬಿಡದಿ

ಮದುವೆಗೆ ಬಂದ ಗಂಡಿನ ಕಡೆಯವರು ಇಳಿದುಕೊಳ್ಳಲೆಂದು ಗೊತ್ತುಮಾಡಿದ ಮನೆಯನ್ನು ನಮ್ಮಲ್ಲಿ ಬಿಡದಿ ಎನ್ನುವುದು ವಾಡಿಕೆ. ಆ ಮನೆಗೆ ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಮುಹೂರ್ತಕ್ಕೇ ಸಂಚಕಾರ ಬರುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ, 30 ಕಿಲೋಮೀಟರು ಕಳೆದು ತುಸು ಮುಂದಕ್ಕೆ, ಅದೇ ಹೆಸರಿನ ಊರೊಂದಿದೆ. ಊರಿನ ಹೆಸರಿಗೂ ಬೀಗರ ಮನೆಗೂ ಗಂಟುಹಾಕುವ ಕೆಲಸವನ್ನು ನಿಘಂಟುಕಾರರಿಗೆ ಬಿಡೋಣ. ಆದರೆ ಬಹುಕಾಲ ಆ ಊರು ಹೆಸರಿಗೆ ತಕ್ಕಂತೆಯೇ ನಡೆದುಕೊಂಡಿತೆಂಬುದರಲ್ಲಿ ಸಂದೇಹವಿಲ್ಲ. ಮೈಸೂರಿಗೆ ಹೊರಟವರು ಅಲ್ಲಿ ಇಳಿದರು, ತಟ್ಟೆ ಇಡ್ಲಿ ತಿಂದರು, ಕಾಫಿ ಕುಡಿದರು, ಬೀಗರಂತೆಯೇ ಚಟ್ನಿಯ ಮೇಲೆ ಒಂದು ಆಕ್ಷೇಪಣೆ ಹೇಳಿ ಮುಂದೆ ನಡೆದರು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ನಡುವೆ ಆರು ಪಥಗಳು, ಅವುಗಳ ಇಕ್ಕೆಲದಲ್ಲಿ ಸೇವಾ ರಸ್ತೆಗಳು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮೊದಲಾದ ಊರುಗಳನ್ನೆಲ್ಲ ಬಳಸಿಕೊಂಡು, ಅವುಗಳ ಮುಖವನ್ನು ಸಹ ನೋಡದೆ ಹೋಗುವ ದಾರಿ. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥಗಳ ಮೇಲೆ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧವೂ ಬಂತು. ಕಾರಿನವರು ಮೇಲಿನ ದಾರಿಯಲ್ಲಿ, ಉಳಿದವರು ಕೆಳಗಿನ ದಾರಿಯಲ್ಲಿ. ಹಳೆಯ ರಸ್ತೆಯ ಎರಡೂ ಮಗ್ಗುಲಿನ ಹೋಟೆಲುಗಳ ಮುಂದೆ, ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸಲು ಜಾಗ ಸಿಗದಿದ್ದ ಕಡೆ, ಈಗ ನೆರಳು ಅಡ್ಡಾಡುತ್ತದೆ.

ನನ್ನ ಪರಿಚಯದವರಲ್ಲಿ ಅನೇಕರು ಇದಕ್ಕಾಗಿ ಮರುಗುತ್ತಾರೆ. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. "ಬಿಡದಿಯ ಇಡ್ಲಿಯ ಕಾಲ ಮುಗಿಯಿತು" ಎಂದು ನಿಟ್ಟುಸಿರಿಡುವಾಗ ಅವರ ಕಣ್ಣಮುಂದೆ ಇರುವುದು ತಮ್ಮ ರಜಾದಿನದ ಒಂದು ಸುಖ. ಆ ಸುಖವನ್ನು ಕಳೆದುಕೊಂಡವರೂ ಅವರೇ, ಕಳೆದವರೂ ಅವರೇ. ಹೊಸ ದಾರಿಯಲ್ಲಿ ಮೊದಲ ದಿನವೇ ಕಾರು ಓಡಿಸಿ, ಎಷ್ಟು ನಿಮಿಷದಲ್ಲಿ ಶ್ರೀರಂಗಪಟ್ಟಣ ಮುಟ್ಟಿದೆವೆಂದು ಗಡಿಯಾರ ಹಿಡಿದು ಲೆಕ್ಕಹಾಕಿದವರು ಬೇರೆ ಯಾರೂ ಅಲ್ಲ. ಆದ್ದರಿಂದ ಈ ಮರುಕದಲ್ಲಿ ಪಾಲುಗೊಳ್ಳಲು ನನಗೆ ಮನಸ್ಸಿಲ್ಲ. ಹೆದ್ದಾರಿ ಸರಿದುದರಿಂದ ಬಿಡದಿಯಲ್ಲಿ ನಿಜವಾಗಿ ಏನಾದರೂ ಕೆಡುವಂತಿದ್ದರೆ ಅದು ದಾರಿಹೋಕರ ನಾಲಗೆಗೆ ಸಂಬಂಧಿಸಿದುದಲ್ಲ. ಆ ಊರಿನಲ್ಲೇ ಇದ್ದು, ಆ ಹೋಟೆಲನ್ನೇ ನಂಬಿ, ಹೊತ್ತಲ್ಲದ ಹೊತ್ತಿನಲ್ಲಿ ಅದರ ಬೆಂಚಿನ ಮೇಲೆ ಕೂರುವವರಿಗೆ ಸಂಬಂಧಿಸಿದುದು. ಅವರ ಮಾತನ್ನು ಯಾರೂ ಎತ್ತುತ್ತಿಲ್ಲವಾದ್ದರಿಂದ ಈ ನಾಲ್ಕು ಸಾಲು.

ಅದಕ್ಕೆ ಮೊದಲು ಇಡ್ಲಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಅಂಗೈಯಗಲದ ಗುಳಿಯಲ್ಲಿ ಬೇಯುವ ಇಡ್ಲಿಗೂ, ತಟ್ಟೆಯಗಲ ಹಿಟ್ಟು ಹರಡಿ, ಒಂದರ ಮೇಲೊಂದು ಏರಿಸಿ, ಹಬೆಯ ಪೆಟ್ಟಿಗೆಯೊಳಗೆ ಕೂಡಿಹಾಕಿ ಬೇಯಿಸುವ ಇಡ್ಲಿಗೂ ಗಾತ್ರದಲ್ಲಷ್ಟೇ ವ್ಯತ್ಯಾಸವೆಂದು ತಿಳಿಯಬಾರದು. ಚಪ್ಪಟೆಯಾದ ತಟ್ಟೆಯಲ್ಲಿ ಹಬೆ ಎಲ್ಲ ಕಡೆಯೂ ಒಂದೇ ಸಮನಾಗಿ ತಾಕುವುದರಿಂದ ಅದು ನಡುವಿನಲ್ಲಿ ಗಟ್ಟಿಯಾಗಿ ಅಂಚಿನಲ್ಲಿ ಒಣಗುವ ಭಯವಿಲ್ಲ. ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುತ್ತದೆ. ಬಿಸಿಯಾಗಿದ್ದಾಗ ಮೇಲೆ ಬೆಣ್ಣೆಯ ಒಂದು ಉಂಡೆ ಇಟ್ಟರೆ ಅದು ಕರಗಿ ಎಲ್ಲ ಕಡೆಗೂ ಹರಿಯುವಷ್ಟರಲ್ಲಿ ಚಟ್ನಿ ಬಂದಿರುತ್ತದೆ. ಇದರ ಹಕ್ಕು ತಮ್ಮದೆಂದು ತುಮಕೂರು, ಕ್ಯಾತ್ಸಂದ್ರದ ಕಡೆಯವರು ವಾದಿಸುವುದುಂಟು. ಆ ವ್ಯಾಜ್ಯದಲ್ಲಿ ನಾನು ಎರಡೂ ಕಡೆ ತಿಂದು, ತೀರ್ಪನ್ನು ಮುಂದೂಡುತ್ತಲೇ ಬಂದಿದ್ದೇನೆ.

ಈ ದಾರಿಯ ತಿಂಡಿಗಳೆಲ್ಲ ಪ್ರಯಾಣದ ಕೂಸುಗಳು. 1880ರ ದಶಕದ ಆರಂಭದಲ್ಲಿ ಬೆಂಗಳೂರಿಗೂ ಮೈಸೂರಿಗೂ ರೈಲು ಬಂತು. ರೈಲು ನಿಂತಲ್ಲಿ ಹಸಿವು ಇಳಿಯಿತು. ಮದ್ದೂರಿನ ವಡೆ 1917ರಲ್ಲಿ ರೈಲು ನಿಲ್ದಾಣದ ಬದಿಯಲ್ಲೇ ಹುಟ್ಟಿತೆಂದು ಹೇಳುತ್ತಾರೆ. ಗಾಡಿ ಬರುವಷ್ಟರಲ್ಲಿ ಪಕೋಡ ಮಾಡಲು ಸಮಯ ಸಾಲದೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ಗಾಡಿಯ ವೇಗ ಹೆಚ್ಚಿದಷ್ಟೂ ನಿಲ್ಲುವ ಹೊತ್ತು ಕಡಮೆಯಾಗಿ, ವಡೆ ನಿಲ್ದಾಣವನ್ನು ಬಿಟ್ಟು ರಸ್ತೆಗೆ ಬಂತು. ಈಗ ರಸ್ತೆಯೂ ನಿಲ್ಲುವುದನ್ನು ಮರೆತಿದೆ. ಬೇಗ ಹೋಗುವವರ ನಡುವೆ ಬದುಕಬೇಕಾದ ತಿಂಡಿಯ ಹಣೆಬರಹವೇ ಇಷ್ಟು.

ಆದರೆ ಬಿಡದಿ ಮದ್ದೂರಿನಂತೆ ಬರೀ ದಾರಿಯ ಊರಲ್ಲ. ಅದರ ಪಕ್ಕದಲ್ಲಿ ಕೈಗಾರಿಕಾ ಪ್ರದೇಶವೊಂದಿದೆ. 1997ರಲ್ಲಿ ಸ್ಥಾಪನೆಯಾದ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯ ಹೊತ್ತಿಗೆ ಅಲ್ಲಿ ಮೋಟಾರು ತಯಾರಿಸಲು ತೊಡಗಿತು. ಕೋಕಾ ಕೋಲಾದವರು ಬಂದರು. ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಳ ಕಾಲ ಬೇರುಬಿಟ್ಟಿದ್ದ ಬಾಷ್ ಕಾರ್ಖಾನೆಯ ಉತ್ಪಾದನೆಯೂ ಇಲ್ಲಿಗೆ ಸಾಗಿತು. ಇವರಿಗೆಲ್ಲ ಬಿಡಿಭಾಗ ಒದಗಿಸುವ ಸಣ್ಣ ದೊಡ್ಡ ಕಾರ್ಖಾನೆಗಳು ಬಂದವು. ರಾಗಿ ಬೆಳೆಯುತ್ತಿದ್ದ, ರೇಷ್ಮೆಗೆ ಹಿಪ್ಪುನೇರಳೆ ಬೆಳೆಯುತ್ತಿದ್ದ ಭೂಮಿಯಲ್ಲಿ ಮೂರು ಪಾಳಿಯ ಶಿಳ್ಳೆ ಕೇಳಿಸತೊಡಗಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ ಈ ನೆಲ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೊಸ ಹೆಸರಿಗೆ ಸೇರಿದೆ. ಹೆಸರು ಯಾವುದಾದರೂ ಇರಲಿ, ರಾತ್ರಿ ಪಾಳಿ ಮುಗಿಸಿ ಬೆಳಗಿನ ಆರು ಗಂಟೆಗೆ ಹೊರಬರುವವನಿಗೆ ಹಸಿವಾಗುತ್ತದೆ.

ಕಾರ್ಖಾನೆಯಲ್ಲೇ ಕ್ಯಾಂಟೀನು ಇಲ್ಲವೆ ಎಂದು ಕೇಳಬಹುದು. ಇದೆ. 1948ರ ಕಾರ್ಖಾನೆಗಳ ಕಾಯಿದೆಯ 46ನೆಯ ಪ್ರಕರಣ 250ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಕ್ಯಾಂಟೀನು ಇರಬೇಕೆಂದು ವಿಧಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ದೊಡ್ಡ ಕಾರ್ಖಾನೆಗಳ ಊಟದ ಮನೆಗಳು ಎಷ್ಟೋ ಮದುವೆ ಛತ್ರಗಳಿಗಿಂತ ಅಚ್ಚುಕಟ್ಟು. ಆದರೆ ಸಣ್ಣ ಶೆಡ್ಡುಗಳ ಮಾತೇನು? ಸಾಮಾನು ಇಳಿಸಿ ರಸೀದಿಗಾಗಿ ಗೇಟಿನ ಹೊರಗೆ ಅರ್ಧ ದಿನ ಕಾಯುವ ಲಾರಿ ಚಾಲಕನ ಮಾತೇನು? ನಾಳೆ ಸಂದರ್ಶನವಿದೆಯೆಂದು ಹಾಸನದಿಂದಲೋ ರಾಯಚೂರಿನಿಂದಲೋ ಬಂದಿಳಿದ, ಕೊರಳಿಗೆ ಇನ್ನೂ ಗುರುತಿನ ಪಟ್ಟಿ ಬೀಳದ ಹುಡುಗನ ಮಾತೇನು? ಕ್ಯಾಂಟೀನು ಗುರುತಿನ ಚೀಟಿಯವರಿಗೆ. ಅದೂ ಪಾಳಿಯ ನಡುವೆ, ಗಂಟೆ ಹೊಡೆದಾಗ. ಗಂಟೆಯ ಹಂಗಿಲ್ಲದೆ, ಚೀಟಿಯ ಹಂಗಿಲ್ಲದೆ, ಕೈಯಲ್ಲಿ ನಲವತ್ತೋ ಐವತ್ತೋ ರೂಪಾಯಿ ಇದ್ದರೆ ಸಾಕು, ಒಳಗೆ ಬಂದು ಕೂರು ಎನ್ನುವ ಜಾಗ ಊರಿನ ಹೋಟೆಲು ಒಂದೇ.

ಪ್ಯಾರಿಸ್ಸಿನವರು ಇಂಥ ಜಾಗಕ್ಕೆ ಬ್ರಾಸರಿ ಎನ್ನುತ್ತಾರೆ. ಮಾತಿನ ಮೂಲಾರ್ಥ ಬಿಯರು ತಯಾರಿಸುವ ಮನೆ ಎಂದು. 1870ರ ಯುದ್ಧದಲ್ಲಿ ಫ್ರಾನ್ಸಿನವರು ಸೋತು ಆಲ್ಸೇಸ್ ಪ್ರಾಂತ ಜರ್ಮನರ ಪಾಲಾದಾಗ, ಅಲ್ಲಿಂದ ಹೊರಟುಬಂದವರು ರಾಜಧಾನಿಯಲ್ಲಿ ತಮ್ಮ ಕಡೆಯ ಬಿಯರು, ತಮ್ಮ ಕಡೆಯ ಹುಳಿಗೋಸಿನ ಊಟ ಇಟ್ಟುಕೊಂಡು ಬಾಗಿಲು ತೆರೆದರು; 1880ರಲ್ಲಿ ಆರಂಭವಾದ ಲಿಪ್ ಎಂಬ ಬ್ರಾಸರಿ ಇಂದಿಗೂ ಇದೆ. ದೊಡ್ಡ ಭೋಜನಶಾಲೆಗಳು ಮಧ್ಯಾಹ್ನ ಇಷ್ಟು ಹೊತ್ತು, ರಾತ್ರಿ ಇಷ್ಟು ಹೊತ್ತು ಎಂದು ಕಟ್ಟುಮಾಡಿಕೊಂಡರೆ, ಬ್ರಾಸರಿಯ ಒಲೆ ದಿನವೆಲ್ಲ ಆರುವುದಿಲ್ಲ. ಊರು ಬಿಟ್ಟು ಬಂದವರು, ಹೊತ್ತು ತಪ್ಪಿದವರು, ಇಬ್ಬರಿಗೂ ಒಪ್ಪುವ ಏರ್ಪಾಡು. ನಮ್ಮಲ್ಲಿ ಬಿಯರಿನ ಸ್ಥಾನದಲ್ಲಿ ಕಾಫಿ ನಿಂತಿತು, ಅಷ್ಟೆ. ಉಡುಪಿಯ ಕಡೆಯಿಂದ ಗಂಟುಕಟ್ಟಿಕೊಂಡು ಬಂದವರು ಮೈಸೂರು ಸೀಮೆಯ ಊರೂರಿನಲ್ಲಿ ಕಟ್ಟಿದುದೂ ಇಂಥದನ್ನೇ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ನೋಡಿ ಬಂದು ತಮ್ಮಲ್ಲೂ ಜಾರಿಗೆ ತಂದರು. ಶುಚಿತ್ವಕ್ಕಾಗಿ ನಾವು ಅಷ್ಟು ದೂರ ಹೋಗಬೇಕಾಯಿತೆಂಬುದು ಬೇರೆ ಮಾತು.

ಬಿಡದಿಯ ಹಳೆಯ ರಸ್ತೆಯ ಹೋಟೆಲೊಂದರಲ್ಲಿ ಈಚೆಗೆ ಒಂದು ಬೆಳಿಗ್ಗೆ ಕುಳಿತಿದ್ದೆ. ಇನ್ನೂ ಆರೂವರೆಯಾಗಿರಲಿಲ್ಲ. ಒಳಗೆ ಹಬೆ, ಹೊರಗೆ ಮಂಜು. ಬೂದುಬಣ್ಣದ ಸಮವಸ್ತ್ರದ ಏಳೆಂಟು ಮಂದಿ ಬಂದು, ಎರಡು ಮೇಜುಗಳಿಗೆ ಹಂಚಿಕೊಂಡು ಕೂತರು. ಯಾರೂ ಮಾತಾಡಲಿಲ್ಲ, ರಾತ್ರಿಯೆಲ್ಲ ಯಂತ್ರದ ಸದ್ದು ಕೇಳಿದವರಿಗೆ ಮಾತು ಬೇಕೆನಿಸುವುದು ಎರಡನೆಯ ಲೋಟ ಕಾಫಿಯ ಮೇಲೆ. ಸಪ್ಲೈಯರ್ ಕೇಳದೆಯೇ ತಟ್ಟೆಗಳನ್ನು ತಂದಿಟ್ಟ. ಬೆಣ್ಣೆ ಹಾಕಿರಲಿಲ್ಲ. ನನಗೆ ಮಾತ್ರ, "ಬೆಣ್ಣೆ ಹಾಕ್ಲಾ ಸಾರ್?" ಎಂದು ಕೇಳಿದ. ನನ್ನ ಅಂಗಿಯನ್ನು ನೋಡಿಯೇ ಈ ಪ್ರಶ್ನೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಗಲ್ಲದ ಮೇಲೆ ಕುಳಿತಿದ್ದ ಯಜಮಾನರನ್ನು ವ್ಯಾಪಾರ ಹೇಗಿದೆಯೆಂದು ವಿಚಾರಿಸಿದೆ.

"ಕಾರು ನಿಂತ್ರೆ ನಮಗೆ ಕಾಸು, ಸ್ವಾಮಿ. ಈಗ ಕಾರು ನಿಲ್ಲೋದು ಕಮ್ಮಿ. ಬೆಳಿಗ್ಗೆ ಬಾಗ್ಲು ತೆಗೆಸೋರು ಇವರೇ" ಎಂದು ಆ ಮೇಜುಗಳತ್ತ ತಲೆದೂಗಿದರು. "ಇವರನ್ನ ನಂಬ್ಕೊಂಡು ಮಧ್ಯಾಹ್ನದ ಮೇಲೆ ಒಲೆ ಉರಿಸೋದು ಕಷ್ಟ. ಎರಡರಿಂದ ಐದು ಮುಚ್ಚಿಬಿಡೋಣ ಅಂತಾನೆ ಮಗ."

ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಮಾತಿನಲ್ಲಿದೆ. ದಾರಿಹೋಕನು ಬೆಣ್ಣೆ ಹಾಕಿಸಿಕೊಂಡು, ಮೇಲೆ ಒಂದು ವಡೆ, ಮಕ್ಕಳಿಗೆ ಕೇಸರಿಬಾತು ತರಿಸಿ, ಚಿಲ್ಲರೆಯನ್ನು ಎಣಿಸದೆ ಹೋಗುತ್ತಿದ್ದ. ಅವನು ಬಿಟ್ಟುಹೋದ ಲಾಭದಿಂದಲೇ ಬೆಣ್ಣೆಯಿಲ್ಲದ ಇಡ್ಲಿಯ ಬೆಲೆ ಏರದೆ ನಿಲ್ಲುತ್ತಿತ್ತು. ಯಾರೂ ಬಾರದ ಮೂರು ಗಂಟೆಯ ಹೊತ್ತಿನಲ್ಲೂ ಹಾಲು ಕಾಯುತ್ತಿತ್ತು. ಒಂದು ಲೋಟ ಕಾಫಿಗೆ ಒಂದು ಗಂಟೆ ಕೂತವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಇದನ್ನು ಯಾರೂ ಯೋಜಿಸಿ ಮಾಡಿದುದಲ್ಲ. ಕೊಟ್ಟವನಿಗೆ ಕೊಟ್ಟೆನೆಂದು ತಿಳಿಯಲಿಲ್ಲ, ಪಡೆದವನಿಗೆ ಪಡೆದೆನೆಂದು ತಿಳಿಯಲಿಲ್ಲ. ಹೆದ್ದಾರಿ ಇವರಿಬ್ಬರನ್ನು ಬೇರೆಮಾಡಿತು. ಇನ್ನು ಹೋಟೆಲಿನವನ ಮುಂದೆ ಎರಡೇ ದಾರಿ: ಒಂದು, ಹೊಸ ಹೆದ್ದಾರಿಯ ಅಂಚಿಗೆ ಹೋಗಿ, ಗಾಜಿನ ಗೋಡೆ ಕಟ್ಟಿಸಿ, ಕಾರಿನವರಿಗಾಗಿಯೇ ಇಡ್ಲಿ ಮಾಡುವುದು, ಇಲ್ಲವೆ ಇದ್ದಲ್ಲೇ ಇದ್ದು, ಪಾಳಿ ಬಿಡುವ ಹೊತ್ತಿಗಷ್ಟೆ ಬಾಗಿಲು ತೆರೆದು, ಬೆಂಚುಗಳನ್ನು ತೆಗೆದು, ನಿಂತು ತಿನ್ನುವ ಕಟ್ಟೆ ಹಾಕಿಸುವುದು.

ನಿಂತು ತಿನ್ನುವುದನ್ನು ನಾನು ಹೀಗಳೆಯುತ್ತಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗ ಬೆಂಗಳೂರಿನ ಬಡ ಗುಮಾಸ್ತನಿಗೆ ಆದ ಉಪಕಾರ ಸಣ್ಣದಲ್ಲ. ಮಾಣಿಯಿಲ್ಲ, ಮೇಜಿಲ್ಲ, ಆದ್ದರಿಂದ ಬೆಲೆ ಕಡಮೆ, ಅಡಿಗೆ ಕಣ್ಣಿಗೆ ಕಾಣುವಂತೆ. ಆದರೆ ಹತ್ತು ನಿಮಿಷ ನಿಂತು ತಿಂದು ಕಛೇರಿಗೆ ಹೋಗಿ ಕುರ್ಚಿಯಲ್ಲಿ ಕೂರುವವನಿಗೆ ಹೇಳಿಮಾಡಿಸಿದ್ದು ಅದು. ಎಂಟು ಗಂಟೆ ಯಂತ್ರದ ಮುಂದೆ ನಿಂತವನಿಗೆ ಮತ್ತೆ ನಿಂತುಕೊಂಡು ತಿನ್ನು ಎನ್ನುವುದು ನ್ಯಾಯವೆ? ಅವನು ಇಡ್ಲಿಗೆ ಕೊಡುವ ಹಣದಲ್ಲಿ ಅರ್ಧ ಕೂರುವುದಕ್ಕಾಗಿ ಕೊಡುತ್ತಾನೆ. ಬಾಡಿಗೆಯ ಒಂದೇ ಕೋಣೆಯಲ್ಲಿ ನಾಲ್ವರು ಪಾಳಿಯಂತೆ ಮಲಗುವ ಕಡೆ, ಗೆಳೆಯನ ಹಾಸಿಗೆ ಖಾಲಿಯಾಗುವವರೆಗೆ ಕಾಯಬೇಕಾದ ಹುಡುಗನಿಗೆ ಹೋಟೆಲಿನ ಬೆಂಚೇ ಪಡಸಾಲೆ.

ಈ ಬೆಂಚು ನಮಗೆ ಸುಲಭವಾಗಿ ಸಿಕ್ಕಿದುದಲ್ಲ ಎಂಬುದನ್ನೂ ನೆನೆಯಬೇಕು. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಹಜಾರ, ಇನ್ನು ಕೆಲವರಿಗೆ ಹೊಸ್ತಿಲಿನ ಹೊರಗೆ ಬೇರೆ ಲೋಟ. ನಮ್ಮ ಹೋಟೆಲುಗಳ ಹಳೆಯ ನಕ್ಷೆ ಇದು. ನಮ್ಮ ಸಂವಿಧಾನದ 15ನೆಯ ವಿಧಿಯನ್ನು ತೆರೆದು ನೋಡಿದವರಿಗೆ ಆಶ್ಚರ್ಯವಾಗಬಹುದು. ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಯಾರನ್ನೂ ದೂರವಿಡಬಾರದೆಂದು ಹೇಳುವ ಆ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಯಲ್ಲಿ ಹೋಟೆಲೂ ಉಪಾಹಾರ ಗೃಹವೂ ಹೆಸರೆತ್ತಿ ಬಂದಿವೆ. ಅಷ್ಟು ದೊಡ್ಡ ಗ್ರಂಥದಲ್ಲಿ ಕಾಫಿ ಹೋಟೆಲಿಗೆ ಜಾಗ ಏಕೆಂದರೆ, ಅಲ್ಲಿ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆಂಬುದು ಎಂಥ ಪ್ರಶ್ನೆಯೆಂದು ಬರೆದವರಿಗೆ ಅನುಭವದಿಂದ ಗೊತ್ತಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಪ್ರವೇಶ ನಿರಾಕರಣೆಯನ್ನು ಶಿಕ್ಷಾರ್ಹ ಮಾಡಿತು. ಕಾಯಿದೆಯಿಂದ ಎಲ್ಲವೂ ಒಂದೇ ದಿನಕ್ಕೆ ಆಗಲಿಲ್ಲ, ಇಂದಿಗೂ ಹಳ್ಳಿಗಳ ಕಡೆ ಪೂರ್ತಿ ಆಗಿಲ್ಲ. ಆದರೂ ಬಿಡದಿಯಂಥ ಊರಿನಲ್ಲಿ ಹಸಿದ ಎಂಟು ಮಂದಿ, ಎಂಟು ಊರುಗಳವರು, ಒಂದೇ ಮೇಜಿನಲ್ಲಿ ಕೂತು, ಒಬ್ಬರ ಜಾತಿಯನ್ನು ಇನ್ನೊಬ್ಬರು ಕೇಳದೆ ಏಳುತ್ತಾರೆ. ಮಧ್ಯಾಹ್ನವಾದರೆ ಪಕ್ಕದ ಮಿಲ್ಟ್ರಿ ಹೋಟೆಲಿನಲ್ಲಿ ಮುದ್ದೆ, ನಾಟಿಕೋಳಿ ಸಾರಿನ ಮುಂದೆಯೂ ಇದೇ ಪಂಕ್ತಿ.

ಹೆಂಗಸರ ಮಾತು ಇನ್ನೂ ಉಳಿದಿದೆ. ಹಿಂದಿನ ಹೋಟೆಲುಗಳಲ್ಲಿ ಹಲಗೆಯ ಅಡ್ಡಗೋಡೆಯ ಹಿಂದೆ ‘ಫ್ಯಾಮಿಲಿ ರೂಂ’ ಎಂಬ ಕತ್ತಲೆಯ ಗೂಡೊಂದು ಇರುತ್ತಿತ್ತು; ಸಂಸಾರವಿಲ್ಲದೆ ಹೆಂಗಸು ಹೋಟೆಲಿಗೆ ಬರುವುದಿಲ್ಲವೆಂಬುದು ಅದರ ಸಿದ್ಧಾಂತ. ಈಗ ಬಿಡದಿಯ ಸುತ್ತಿನ ಕಾರ್ಖಾನೆಗಳಿಗೆ ಹೆಣ್ಣುಮಕ್ಕಳು ವ್ಯಾನುಗಳಲ್ಲಿ ಬರುತ್ತಾರೆ, ವ್ಯಾನುಗಳಲ್ಲೇ ಹೋಗುತ್ತಾರೆ. ಇಳಿದು, ತಾನೊಬ್ಬಳೇ ಕೂತು, ಒಂದು ದೋಸೆ ತಿಂದು, ನೀರು ಕುಡಿದು, ಸುಧಾರಿಸಿಕೊಂಡು ಹೊರಡುವ ಹುಡುಗಿಯನ್ನು ಆ ಹೋಟೆಲಿನಲ್ಲಿ ನಾನು ಕಂಡದ್ದು ಒಂದು ಸಾರಿ ಮಾತ್ರ. ದಿನವೆಲ್ಲ ತೆರೆದಿದ್ದು, ದೀಪ ಚೆನ್ನಾಗಿ ಉರಿದು, ಚಿಲಕ ಸರಿಯಾಗಿರುವ ಒಂದು ಶೌಚಾಲಯ ಇದ್ದರೆ ಹತ್ತು ಮಂದಿ ಬಂದಾರು. ಹೊಸ ಹೆದ್ದಾರಿ ತೆರೆದ ದಿನಗಳಲ್ಲಿ ದಾರಿಯಲ್ಲಿ ಶೌಚಾಲಯವಿಲ್ಲವೆಂಬ ದೂರು ಜೋರಾಗಿ ಕೇಳಿಬಂತು, ಅದು ನ್ಯಾಯವಾದ ದೂರು. ಆದರೆ ಕೆಳಗಿನ ರಸ್ತೆಯಲ್ಲಿ ಅದೇ ಕೊರತೆ ವರ್ಷಗಳಿಂದ ಇದ್ದುದು ಯಾರ ಕಿವಿಗೂ ಬಿದ್ದಿರಲಿಲ್ಲ.

ಹಾಗಾದರೆ ಆಗಬೇಕಾದುದೇನು? ಸರ್ಕಾರವೇ ಇಡ್ಲಿ ಮಾಡಬೇಕೆಂದು ನಾನು ಹೇಳುವುದಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಆರಂಭವಾಗಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು; ಅದರಿಂದ ಹಸಿವು ಅಡಗಿದವರಿದ್ದಾರೆ, ಅದನ್ನು ಹಾಸ್ಯಮಾಡುವವರು ಒಂದು ದಿನ ಹಸಿದು ನೋಡಬೇಕು. ಆದರೆ ಅದೂ ಗಂಟೆಯ ಊಟ, ನಿಂತ ಊಟ. ನನ್ನ ಬೇಡಿಕೆ ಚಿಕ್ಕದು. ಕೈಗಾರಿಕಾ ಪ್ರದೇಶದ ನಕ್ಷೆ ಬರೆಯುವಾಗ ಸಾರ್ವಜನಿಕ ಸೌಕರ್ಯಕ್ಕೆಂದು ಜಾಗ ಬಿಡುವ ಪದ್ಧತಿ ಉಂಟು. ಬ್ಯಾಂಕು, ಅಗ್ನಿಶಾಮಕ ಠಾಣೆ, ವಿದ್ಯುತ್ ಕೇಂದ್ರ ಇವು ಸೌಕರ್ಯಗಳೆಂದು ಎಲ್ಲರೂ ಒಪ್ಪುತ್ತಾರೆ. ಹೋಟೆಲನ್ನು ಆ ಸಾಲಿಗೆ ಸೇರಿಸಿ ಎಂದರೆ ನಗುತ್ತಾರೆ. ನಗದೆ ಸೇರಿಸಲಿ. ಕಡಮೆ ಬಾಡಿಗೆಗೆ ಜಾಗ ಕೊಟ್ಟು, ಬದಲಿಗೆ ಮೂರು ಷರತ್ತು ಹಾಕಲಿ: ಬೆಳಗಿನ ಪಾಳಿಯಿಂದ ರಾತ್ರಿಯ ಪಾಳಿಯವರೆಗೆ ಬಾಗಿಲು ತೆರೆದಿರಬೇಕು, ಕೂರಲು ಬೆಂಚು ಇರಬೇಕು, ಶೌಚಾಲಯ ಇರಬೇಕು. ಒಲೆ ಯಾರದಾದರೂ ಆಗಲಿ. 1957ರಲ್ಲಿ ಕಾಫಿ ಮಂಡಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಬೆಂಗಳೂರಿನ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಲಿಲ್ಲವೆ? ಮಹಾತ್ಮಾ ಗಾಂಧಿ ರಸ್ತೆಯ ಆ ಕಾಫಿ ಹೌಸು 2009ರಲ್ಲಿ ಚರ್ಚ್ ರಸ್ತೆಗೆ ಸ್ಥಳಾಂತರವಾಯಿತೇ ಹೊರತು ಆರಿಹೋಗಲಿಲ್ಲ.

ಹೋಟೆಲಿನವರು ದೋಷವಿಲ್ಲದವರೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ಕಾರು ನಿಲ್ಲುತ್ತಿದ್ದ ಕಾಲದಲ್ಲಿ ಲಾರಿಯವನಿಗೆ ಚಟ್ನಿ ತಡವಾಗಿ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿ ಇಡ್ಲಿ ಇಡುವ ದುರಭ್ಯಾಸವನ್ನು ಕೆಲವು ಕಡೆ ಇನ್ನೂ ಬಿಟ್ಟಿಲ್ಲ; ಬಾಳೆಲೆಯ ನಾಡಿನಲ್ಲಿ ಇದಕ್ಕೆ ಕ್ಷಮೆಯಿಲ್ಲ. ಕೆಲಸಕ್ಕೆ ಜನ ಸಿಕ್ಕುವುದಿಲ್ಲವೆಂದು ಗೋಳಾಡುವವರು, ಸಿಕ್ಕ ಹುಡುಗರು ಎಲ್ಲಿ ಮಲಗುತ್ತಾರೆಂಬುದನ್ನು ತೋರಿಸಲು ಇಷ್ಟಪಡುವುದಿಲ್ಲ.

ಮೊನ್ನೆ ಮತ್ತೆ ಅದೇ ಹೋಟೆಲಿಗೆ ಹೋದೆ. ಮಧ್ಯಾಹ್ನ ಮೂರೂವರೆ. ಮಗನ ಮಾತು ಇನ್ನೂ ಗೆದ್ದಿರಲಿಲ್ಲ, ಬಾಗಿಲು ತೆರೆದಿತ್ತು. ಒಳಗೆ ಇದ್ದವರು ಮೂವರು. ಗೋಡೆಯ ಕಡೆಗೆ ತಲೆಯಾನಿಸಿ ಒಬ್ಬ ಚಾಲಕ ತೂಕಡಿಸುತ್ತಿದ್ದ. ನಡುವಿನ ಮೇಜಿನಲ್ಲಿ ಇಬ್ಬರು ಹುಡುಗರು ಅರ್ಜಿಯ ನಮೂನೆಯೊಂದನ್ನು ಹರಡಿಕೊಂಡು, ‘ಖಾಯಂ ವಿಳಾಸ’ ಎಂಬಲ್ಲಿ ಏನು ಬರೆಯಬೇಕೆಂದು ಚರ್ಚಿಸುತ್ತಿದ್ದರು. ಒಬ್ಬ ಊರಿನದು ಎಂದ, ಇನ್ನೊಬ್ಬ ರೂಮಿನದು ಎಂದ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಮಾಡಿ ತಂದಿಟ್ಟ ಸಪ್ಲೈಯರ್, ಅವರ ಭುಜದ ಮೇಲಿಂದ ಬಗ್ಗಿ ನೋಡಿ, "ಊರಿಂದೇ ಬರಿ ಗುರು, ರೂಮು ಯಾವಾಗ ಬಿಡಿಸ್ತಾರೋ" ಎಂದು ಹೇಳಿ ಒಳಗೆ ಹೋದ.